ತೌಡಿಗೆ ಮಾರಿದ ಮಗಳು

ನನ್ನನ್ನು ಒಂದು ಮೊರ ತೌಡಿಗೆ ಮಾರಿದ್ದರು. ಇದನ್ನು ಹೇಳಿದರೆ ನನ್ನ ಮಗಳ ಗೆಳತಿಯರು ಬಾಯಿ ತೆರೆದು ನೋಡುತ್ತಾರೆ. ನಮ್ಮ ಹೊಳಗುಂದದ ಕಡೆಯ ಹೆಂಗಸರಾದರೆ, "ಹೌದಾ, ನಿಮ್ಮ ಮನ್ಯಾಗೂ ಮಾರಿದ್ರಾ?" ಅಂದು ಸುಮ್ಮನಾಗುತ್ತಾರೆ.

ನನಗಿಂತ ಮೊದಲು ಅವ್ವನಿಗೆ ಎರಡು ಕೂಸು ಹುಟ್ಟಿ, ತೊಟ್ಟಿಲಿಗೆ ಹಾಕುವ ಮೊದಲೇ ಹೋಗಿದ್ದವು. ನಾನು ಹುಟ್ಟಿದಾಗ ಅಜ್ಜಿ ಸಂತೋಷಪಡಲೂ ಹೆದರಿದಳಂತೆ. ಈ ಮನೆಯ ದಾರಿ ಸಾವಿಗೆ ರೂಢಿಯಾಗಿದೆ, ಕೂಸು ಈ ಮನೆಯದಲ್ಲ ಅಂತ ತೋರಿಸಬೇಕು ಎಂಬುದು ಅವಳ ನಂಬಿಕೆ. ಹಿಂದಿನ ಓಣಿಯ ಕುರಿ ಸಾಕುವವರ ಮನೆಯಿಂದ ಒಬ್ಬ ಹೆಂಗಸನ್ನು ಕರೆಸಿದರು. ಆಕೆಯ ಮಕ್ಕಳೆಲ್ಲ ಗುಂಡುಕಲ್ಲಿನಂಗೆ ಗಟ್ಟಿ. ನನ್ನನ್ನು ಮೊರದಲ್ಲಿ ಮಲಗಿಸಿ ಹೊಸ್ತಿಲಾಚೆ ಇಟ್ಟರು. ಆಕೆ ತೌಡು ಸುರುವಿ, ನನ್ನನ್ನು ಎತ್ತಿಕೊಂಡು ತನ್ನ ಮನೆಗೆ ಹೋಗಿ, ಕಂಬಳಿಯ ಮೇಲೆ ಮಲಗಿಸಿ, ತಿರುಗಿ ತಂದು ಅವ್ವನ ಮಡಿಲಿಗೆ ಹಾಕಿದಳು.

"ಕೂಸು ನಂದು, ಹಾಲು ನಿಂದು. ಸಾಕಿ ಕೊಡು," ಅಂದಳಂತೆ.

ನಾನು ಆಕೆಯನ್ನು ಕುರಿಯವ್ವ ಅಂತ ಕರೆಯುತ್ತಿದ್ದೆ. ಇಂಥ ಶಾಸ್ತ್ರವನ್ನು ಎಷ್ಟೋ ಮನೆಗಳಲ್ಲಿ ಮಾಡಿ ಮರೆತುಬಿಡುತ್ತಾರೆ. ಕುರಿಯವ್ವ ಮರೆಯಲಿಲ್ಲ. ನಾಗರಪಂಚಮಿಗೆ ತನ್ನ ಹೆಣ್ಣುಮಕ್ಕಳಿಗೆ ತಂದ ಬಳೆ ನನಗೂ ಬರುತ್ತಿದ್ದವು. ಒಮ್ಮೆ ನಾನು ಮೊಸರಿನ ಗಡಿಗೆ ಒಡೆದೆನೆಂದು ಅವ್ವ ಬೆನ್ನಿಗೆ ಗುದ್ದಿದಾಗ ಗೋಡೆಯಾಚೆಯಿಂದ ಆಕೆಯ ದನಿ ಬಂತು: "ಯಾರ ಕೂಸಿಗೆ ಹೊಡಿಯಾಕತ್ತೀ?" ಅವ್ವ ನಿಜವಾಗಿಯೂ ಕೈ ಹಿಂದಕ್ಕೆ ತಗೊಂಡಳು.

ಅವ್ವ ನನ್ನನ್ನು ಮುದ್ದು ಮಾಡುತ್ತಿದ್ದುದು ಒಳಕೋಣೆಯಲ್ಲಿ ಮಾತ್ರ. ತಲೆಗೆ ಎಣ್ಣೆ ಹಚ್ಚುತ್ತ ಹಾಡುತ್ತಿದ್ದಳು, ಹೊರಗೆ ಯಾರಾದರೂ ಬಂದರೆ ಹಾಡು ನಿಂತುಬಿಡುತ್ತಿತ್ತು. "ಮಗಳು ಚೆಂದ ಅದಾಳಲ್ರಿ," ಅಂದವರಿಗೆ, "ಅದು ಕುರಿಮನಿ ಕೂಸು, ಬಿಡ್ರಿ," ಅನ್ನುತ್ತಿದ್ದಳು. ಸಣ್ಣವಳಿದ್ದಾಗ ನನಗೆ ಅದರಿಂದ ನೋವಾಗುತ್ತಿರಲಿಲ್ಲ. ಎರಡು ಮನೆಯಲ್ಲಿ ಊಟ ಸಿಗುತ್ತಿತ್ತು.

ಎಮ್ಮಿಗನೂರಿನ ಮಗ್ಗದವರ ಮನೆಯಿಂದ ಸಂಬಂಧ ಬಂತು. ತೆಲುಗಿನವರು, ಆದರೆ ಹುಡುಗನಿಗೆ ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು. ನೋಡಲು ಬಂದ ದಿನ ನಾನು ತಲೆ ತಗ್ಗಿಸಿ ಕೂತಿದ್ದರೂ, ಅವನ ಮೂಗಿನ ಒಂದು ಬದಿಗೆ ಸಣ್ಣದೊಂದು ಕುಳಿ ಇರುವುದು ನನಗೆ ಕಂಡಿತು. ಸಿಡುಬಿನ ಕಲೆ ಅಂದುಕೊಂಡೆ. ಎರಡೂ ಕಡೆ ಒಪ್ಪಿಗೆಯಾಯಿತು.

ಮದುವೆ ಹತ್ತಿರ ಬಂದಾಗ ಅಜ್ಜಿಗೆ ಹೊಸ ಚಿಂತೆ ಹತ್ತಿತು. "ಮಾರಿದ ಕೂಸನ್ನ ಧಾರಿ ಎರಿಯೋದು ಹೆಂಗ? ಮೊದಲು ತಿರುಗಿ ಕೊಂಡುಕೊಳ್ಳಬೇಕು." ಅವ್ವನ ಮುಖ ಅರಳಿದ್ದು ನನಗೆ ನೆನಪಿದೆ. ಅವತ್ತೇ ಸೀರೆ, ಕಾಯಿ, ಒಂದು ಮೊರ ತೌಡು ಹಿಡಿದುಕೊಂಡು ಹಿಂದಿನ ಓಣಿಗೆ ಹೋದಳು. ನಾನೂ ಬೆನ್ನು ಹತ್ತಿದೆ.

ಕುರಿಯವ್ವ ಅಂಗಳದಲ್ಲಿ ಉಣ್ಣೆ ಬಿಡಿಸುತ್ತಿದ್ದಳು. ಅವ್ವನ ಮಾತೆಲ್ಲ ಕೇಳಿ, "ಕೊಡಂಗಿಲ್ಲ," ಅಂದಳು.

"ಹಂಗಂದ್ರ ಹೆಂಗವ್ವ? ನಾನು ಹೆತ್ತಾಕಿ."

"ನೀನು ಹೆತ್ತಿದ್ದು ಊರಿಗೇ ಗೊತ್ತೈತಿ. ಸಾವಿಗೊಂದು ಗೊತ್ತಾಗಬಾರದು. ಇಷ್ಟು ವರ್ಷ ಅದನ್ನ ದಾರಿ ತಪ್ಪಿಸೀನಿ. ಈಗ ನಿನ್ನ ಕೈಗೆ ಕೊಟ್ಟು, ನಾಳೆ ಏನರ ಆದ್ರ?"

ಅವ್ವ ತೌಡಿನ ಮೊರ ಕೆಳಗಿಟ್ಟು ಅಲ್ಲೇ ಕೂತಳು. ಸ್ವಲ್ಪ ಹೊತ್ತಿಗೆ ಅಳಲು ಶುರುಮಾಡಿದಳು. ನಾನು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದೆ. "ಒಂದು ದಿನಾನೂ ನನ್ನದು ಅನ್ನಲಿಲ್ಲ ನಾನು," ಅಂದಳು, ನನಗಲ್ಲ, ಕುರಿಯವ್ವನಿಗೆ. ಕುರಿಯವ್ವನ ಕೈ ಉಣ್ಣೆಯಲ್ಲೇ ನಿಂತಿತು. ಆಮೇಲೆ ಸರಿದು ಬಂದು ಅವ್ವನ ಬೆನ್ನು ಸವರಿದಳು.

"ನಿನಗ ಕೊಡಂಗಿಲ್ಲ. ಆಕಿ ಅತ್ತಿ ಕೈಗೆ ಮಾರತೀನಿ. ಆ ಮನಿ ಹಾದಿ ಸಾವಿಗೆ ತಿಳೀದು. ಆಮ್ಯಾಲ ನೀನು ಬೀಗತಿ ಮನಿಗೆ ಹೋಗಿ, ಎಷ್ಟು ಬೇಕಾದ್ರೂ ಮಗಳೇ ಅನ್ನು."

ಇದನ್ನು ಬೀಗರಿಗೆ ಹೇಳುವುದು ಹೇಗೆ? ಹುಡುಗಿಯಲ್ಲಿ ಏನೋ ಐಬು ಇದೆ ಅಂದುಕೊಂಡರೆ? ಅಪ್ಪ ಎಮ್ಮಿಗನೂರಿಗೆ ಬಸ್ಸು ಹತ್ತಿ ಹೋದ. ಅವರ ಮನೆಯಲ್ಲಿ ಟೀ ಕುಡಿದ, ಮಳೆ, ಹತ್ತಿ, ಸೇಂಗಾ ಎಲ್ಲ ಮಾತಾಡಿದ, ಇದನ್ನು ಹೇಳಲು ಬಾಯಿ ಬರದೆ ತಿರುಗಿ ಬಂದ. ಕೊನೆಗೆ ಅವ್ವನೇ ಫೋನ್ ಮಾಡಿದಳು. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಎಲ್ಲವನ್ನೂ ಹೇಳಿದಳು. ಆ ಕಡೆಯಿಂದ ನನ್ನ ಅತ್ತೆ, "ಮಾ ವಾಡಿ ಮುಕ್ಕು ಚೂಡಲೇದಾ?" ಅಂದಳಂತೆ. ನಮ್ಮ ಹುಡುಗನ ಮೂಗು ನೋಡಲಿಲ್ಲವಾ ಅಂತ. ಅವನಿಗಿಂತ ಮೊದಲಿನ ಕೂಸನ್ನು ಆಕೆಯೂ ಕಳೆದುಕೊಂಡಿದ್ದಳು. ಇವನು ಉಳಿಯಲೆಂದು ಹುಟ್ಟಿದ ಕೂಡಲೇ ಹೆಣ್ಣುಕೂಸಿನಂತೆ ಮೂಗು ಚುಚ್ಚಿಸಿದ್ದಳು. ನಾನು ಸಿಡುಬು ಅಂದುಕೊಂಡಿದ್ದು ಅದೇ.

"ತವುಡು ಎಂತ ತೇವಾಲಮ್ಮಾ?" ಅಂತ ಕೊನೆಗೆ ಕೇಳಿದಳು. ಎಷ್ಟು ತೌಡು ತರಲಿ? ಅವ್ವ ಫೋನ್ ಹಿಡಿದುಕೊಂಡೇ ನಕ್ಕಳು, ಕಣ್ಣೊರೆಸಿಕೊಂಡಳು.

ಮದುವೆಯ ಬೆಳಿಗ್ಗೆ, ಅರಿಶಿನದ ಸೀರೆಯಲ್ಲಿದ್ದ ನನ್ನನ್ನು ನಮ್ಮ ಮನೆಯ ಹೊಸ್ತಿಲ ಹತ್ತಿರ ಕೂರಿಸಿದರು. ಮೊರದಲ್ಲಿ ಹಿಡಿಸುವ ವಯಸ್ಸಲ್ಲವಲ್ಲ, ಬಲಗೈಯನ್ನು ಮಾತ್ರ ಮೊರದಲ್ಲಿಟ್ಟರು. ಅತ್ತೆ ಒಂದು ಹೊಸ ಬಟ್ಟೆಯ ಚೀಲ ಬಿಚ್ಚಿದಳು. ಕುರಿಯವ್ವ ತೌಡನ್ನು ಬೊಗಸೆಯಲ್ಲಿ ಹಿಡಿದು ಊದಿ ನೋಡಿದಳು. "ಮಿಲ್ಲಿನದು. ಹೊಟ್ಟು ಭಾಳ ಐತಿ," ಅಂದಳು. ಅತ್ತೆಗೆ ಮಾತು ತಿಳಿಯದಿದ್ದರೂ ದನಿ ತಿಳಿಯಿತು. ಗಾಬರಿಯಾಗಿ ಇನ್ನೊಂದು ಹಿಡಿ ಸುರುವಿದಳು. ಅಂಗಳದವರೆಲ್ಲ ನಕ್ಕರು. ಕುರಿಯವ್ವ ನನ್ನ ಕೈ ಎತ್ತಿ ಅತ್ತೆಯ ಕೈಯಲ್ಲಿಟ್ಟಳು. ಇಟ್ಟಮೇಲೂ ಬಿಡಲಿಲ್ಲ. ಅಯ್ಯನೋರು ಮುಹೂರ್ತ ಮೀರುತ್ತದೆ ಅಂತ ಕೂಗಿದ ಮೇಲೆ ಬಿಟ್ಟಳು.

ನನ್ನ ಮಗಳು ಹುಟ್ಟಿದಾಗ, "ಈಕಿನ್ನೂ ಮಾರೋಣೇನು?" ಅಂತ ನಾನೇ ಕೇಳಿದ್ದೆ. ಅವ್ವ, ಕುರಿಯವ್ವ, ಅತ್ತೆ ಮೂವರೂ ಒಟ್ಟಿಗೆ ಬೇಡವೆಂದರು. ಆಸ್ಪತ್ರೆಯಲ್ಲಿ ಕೂಸನ್ನು ಎತ್ತಿಕೊಂಡು ಅವ್ವ ಹಾಸಿಗೆಯಿಂದ ಹಾಸಿಗೆಗೆ ತೋರಿಸಿಕೊಂಡು ಬಂದಳು. ಇದನ್ನೆಲ್ಲ ನೀನು ನಂಬುತ್ತೀಯಾ ಅಂತ ಮಗಳು ಈಗ ಕೇಳುತ್ತಾಳೆ. ಬದುಕಿದ್ದೇನಲ್ಲ, ಅಷ್ಟೇ ಅನ್ನುತ್ತೇನೆ.

ಹೋದ ತಿಂಗಳು ಕುರಿಯವ್ವ ಇಲ್ಲಿನ ಡಾಕ್ಟರಿಗೆ ಕಿವಿ ತೋರಿಸಲೆಂದು ನಮ್ಮ ಮನೆಗೆ ಬಂದಳು. ಎರಡು ದಿನ ಇರುತ್ತೇನೆ ಅಂದವಳು ಇನ್ನೂ ಹೋಗಿಲ್ಲ. ಸಂಜೆ ಹೊತ್ತು ಮಗ್ಗದ ಕೋಣೆಯ ಮುಂದಿನ ಮಂಚದ ಮೇಲೆ ಆಕೆ ಕನ್ನಡದಲ್ಲಿ, ಅತ್ತೆ ತೆಲುಗಿನಲ್ಲಿ, ಇಬ್ಬರೂ ಜೋರಾಗಿ ಮಾತಾಡುತ್ತ ಕೂತಿರುತ್ತಾರೆ. ನಾಳೆ ಮಧ್ಯಾಹ್ನದ ಬಸ್ಸಿಗೆ ಅವ್ವನೂ ಬರುತ್ತಾಳಂತೆ. ಜೋಳದ ಹಿಟ್ಟು ತೀರಿದೆ, ಬೀಸಿಸಿಕೊಂಡು ಬರಬೇಕು.