ಉಳಿಸಿಟ್ಟ ಗುಳಿಗಿ

ಔಷಧಕ್ಕೆ ಜಗ್ಗದ ರೋಗಾಣುಗಳ ಬಗ್ಗೆ ನಮ್ಮ ಲ್ಯಾಬಿನಲ್ಲಿ ಸಂಶೋಧನೆ ನಡೆದಿದೆ. ಅದಕ್ಕೆಂದು ಆಡಿನ ಹಿಕ್ಕೆ ಕೇಳಿಕೊಂಡು ಬಿಜ್ಜರಗಿ ಊರಿನ ಒಂದು ಮನೆಗೆ ಹೋಗಿದ್ದೆ. ಆಡು ಸಾಕಿದ್ದ ವಯಸ್ಸಾದ ಆಯಿ ನಗುನಗುತ್ತಲೇ ಆರಿಸಿಕೊಟ್ಟಳು.

“ಆಡಿಗಿ ಏನರ ಔಷಧ ಕೊಟ್ಟೀರೇನ್ ಆಯಿ?” ಎಂದೆ.

ಗೋಡೆಯ ಗೂಡಿನಿಂದ ಆ್ಯಂಟಿಬಯಾಟಿಕ್ ಗುಳಿಗೆಯ ಸ್ಟ್ರಿಪ್ ತೆಗೆದು ತೋರಿಸಿದಳು. “ನನಗ ಕೆಮ್ಮ ಬಂದಾಗ ಡಾಕ್ಟರ್ ಕೊಟ್ಟಿದ್ರು. ಎರಡ ದಿನಕ್ಕ ಆರಾಮಾತು. ಉಳಿದಿದ್ದು ಈ ಕರಿ ಆಡಿಗಿ ಹಾಕಾಕತ್ತೇನಿ. ಅದೂ ಕೆಮ್ಮತೈತಿ, ಪಾಪ.”

ನನಗೆ ಸುಮ್ಮನಿರಲಾಗಲಿಲ್ಲ. ಗುಳಿಗೆ ಅರ್ಧಕ್ಕೆ ಬಿಟ್ಟರೆ ಸಾಯದೆ ಉಳಿದ ರೋಗಾಣುಗಳು ಗಟ್ಟಿಯಾಗುತ್ತವೆ, ಮುಂದೆ ಆ ಔಷಧಕ್ಕೆ ಅಂಜುವುದೇ ಇಲ್ಲ, ಡಾಕ್ಟರು ಹೇಳಿದಷ್ಟು ದಿನ ನುಂಗಲೇಬೇಕು ಎಂದು ಶುರುಮಾಡಿದೆ. ಆಯಿ ಕೊಟ್ಟ ಮಜ್ಜಿಗೆ ಮುಗಿದರೂ ನನ್ನ ಪಾಠ ಮುಗಿಯಲಿಲ್ಲ. ಅವಳು ಮಾತ್ರ ಶಾಲೆಯ ಹುಡುಗಿಯಂತೆ ಕೈಕಟ್ಟಿ ಕೇಳಿದಳು.

ಕೊನೆಗೆ ಹಿಕ್ಕೆಯ ಡಬ್ಬಿ ಇಡಲು ಬ್ಯಾಗ್ ತೆರೆದೆ. ಹೋದ ತಿಂಗಳು ನನ್ನ ಗಂಟಲು ನೋವಿಗೆ ತಂದಿದ್ದ ಅದೇ ಗುಳಿಗೆಯ ಸ್ಟ್ರಿಪ್ ಕೆಳಗೆ ಬಿತ್ತು. ಅದರಲ್ಲಿ ನಾಲ್ಕು ಗುಳಿಗೆ ಹಾಗೇ ಇದ್ದವು.

ಆಯಿ ಅದನ್ನು ಎತ್ತಿ, ಸೆರಗಿನಿಂದ ಧೂಳು ಒರೆಸಿ ನನ್ನ ಕೈಗಿಟ್ಟಳು.

“ಯವ್ವಾ, ನಿಮ್ಮ ಮನ್ಯಾಗೂ ಆಡ ಅದಾವೇನು?”