ಮಣ್ಣಿನ ರುಚಿ ನೋಡುವವರು

ನಮ್ಮಪ್ಪ ನಾಲಿಗೆಯ ಮೇಲಿಟ್ಟು ನೋಡದೆ ಯಾವ ಮಣ್ಣನ್ನೂ ತಿಗರಿಗೆ ಹಾಕಿದವನಲ್ಲ. ಬಾಗಲಕೋಟೆ ಕಡೆಯಿಂದ ದೊಡ್ಡ ಶಹರದ ಅಂಚಿನ ದಹಿಸರ್‌ಗೆ ಬಂದ ಕುಂಬಾರರು ನಾವು. ಹೊಳೆದಂಡೆಯ ಮಣ್ಣನ್ನು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಉಗುಳಿ, 'ಹೂಂ' ಅಂದ ಮೇಲೆಯೇ ಬುಟ್ಟಿ ತುಂಬುತ್ತಿದ್ದ. ಶಾಲೆಯಲ್ಲಿ ನನ್ನನ್ನು ಮಣ್ಣು ತಿನ್ನುವವನ ಮಗಳು ಎಂದು ರೇಗಿಸುತ್ತಿದ್ದರು. ನನಗೋ, ರೇಗಿಸಿದವರಿಗಿಂತ ಅಪ್ಪನ ಮೇಲೆಯೇ ಸಿಟ್ಟು.

ಎಪ್ಪತ್ತನೇ ಇಸವಿಯ ಆಸುಪಾಸಿನಲ್ಲಿ ಆ ದಂಡೆಯ ಮೇಲೆ ಬಿಲ್ಡಿಂಗ್ ಎದ್ದಿತು. ಅಪ್ಪ ಮಣ್ಣು ಹುಡುಕುತ್ತ ಖಾಡಿಯ ಕಡೆಗೆ, ಸಮುದ್ರದ ನೀರು ಏರಿಬರುವ ಜಾಗಕ್ಕೆ ಸರಿದ. ಅದೇ ವರ್ಷ ವಿಷಮಜ್ವರ ಬಂದು ತಿಂಗಳುಗಟ್ಟಲೆ ಮಲಗಿ ಎದ್ದ. ಎದ್ದವನು ತೀರಾ ಸಾಧುವಾಗಿದ್ದ. ಒಂದು ದಿನ ಅವ್ವ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಮೊದಲಾಗಿದ್ದರೆ ತಟ್ಟೆ ಹಾರುತ್ತಿತ್ತು. ಅವತ್ತು ಸುಮ್ಮನೆ ಉಂಡು ಕೈತೊಳೆದ. ಜ್ವರವೇ ಸಿಟ್ಟನ್ನು ಇಳಿಸಿತು ಎಂದು ಅವ್ವನೂ ನಾನೂ ಒಳಗೆ ಹೋಗಿ ನಕ್ಕೆವು. ಆ ನಗು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬೇಸಿಗೆಗೆಂದು ಮಾಡಿದ ನೀರಿನ ಮಡಕೆಗಳು ಮಾರಿದ ವಾರದಲ್ಲೇ ತಿರುಗಿ ಬಂದವು. ಹೊರಮೈಯೆಲ್ಲ ಬೂದಿ ಬಳಿದ ಹಾಗೆ ಬಿಳಿ ಉಪ್ಪು. ಹೊಸ ಬಿಲ್ಡಿಂಗಿನ ಮೈಸೂರು ಕಡೆಯ ಹೆಂಗಸೊಬ್ಬರು, "ಏನ್ರೀ ಇದು, ನೀರು ಬಾಯಿಗೆ ಇಡೋಕಾಗಲ್ಲ" ಎಂದು ಮಡಕೆಯನ್ನು ಹೊಸ್ತಿಲ ಬಳಿ ಇಟ್ಟು ಹೋದರು. ಅಪ್ಪ ಅದರ ಮೈ ನೆಕ್ಕಿದ. ಇನ್ನೊಂದನ್ನು ಎತ್ತಿ ನೆಕ್ಕಿದ. ಮುಖದಲ್ಲಿ ಏನೂ ಬದಲಾಗಲಿಲ್ಲ. ಅವ್ವ ನನ್ನನ್ನು ನೋಡಿದಳು. ಉಪ್ಪಿಲ್ಲದ ಆ ಸಾರು ಇಬ್ಬರಿಗೂ ಒಟ್ಟಿಗೇ ನೆನಪಾಯಿತು.

ಮರುದಿನ ನನ್ನನ್ನು ಖಾಡಿಗೆ ಕರೆದುಕೊಂಡು ಹೋದ. ಮೂರು ಕಡೆ ಅಗೆದು ನನ್ನ ನಾಲಿಗೆಗೆ ಮಣ್ಣು ಇಟ್ಟ. ಮೂರೂ ಉಪ್ಪು. ನಾಲ್ಕನೆಯ ಕಡೆ ಅಗೆದು ಮತ್ತೊಂದು ಚಿಟಿಕೆ ಇಟ್ಟ. ಅದರಾಚೆ ಬರೀ ಕೆಸರು, ನೀರು.

"ಖರೇ ಹೇಳ ಮಗಳ, ಉಪ್ಪ ಐತೇನ?"

ಅದೂ ಉಪ್ಪೇ. ಆದರೂ ಇಲ್ಲ ಎನ್ನಲು ಬಾಯಿ ತೆರೆದೆ. ಹೊಸ್ತಿಲಲ್ಲಿ ಸಾಲಾಗಿ ಕೂತ ಮಡಕೆಗಳು ಕಣ್ಣಮುಂದೆ ಬಂದವು.

"ಐತಿ, ಅಪ್ಪಾ."

ಧೋತರದ ಚುಂಗಿನಿಂದ ನನ್ನ ಬಾಯಿ ಒರೆಸಿದ. ಖಾಲಿ ಬುಟ್ಟಿಯನ್ನು ಹೆಗಲಿಗೇರಿಸಿ ಮುಂದೆ ನಡೆದ. ತಿಗರಿ ಗೋಡೆಗೆ ಒರಗಿತು, ಅಪ್ಪ ಪರೇಲ್‌ನ ಮಿಲ್ಲೊಂದಕ್ಕೆ ಮೂಟೆ ಹೊರಲು ಹೋದ. ಮಣ್ಣಿನ ಮಾತು ಮತ್ತೆ ಎತ್ತಲಿಲ್ಲ. ಊಟಕ್ಕೆ ಕೂತಾಗ ಮಾತ್ರ ಮೊದಲ ತುತ್ತನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡುತ್ತಿದ್ದ. ಉಪ್ಪು ಸರಿಯಾಗಿದೆ ಎಂದು ನಾನು ತಲೆಯಾಡಿಸಿದ ಮೇಲೆ ಉಣ್ಣುತ್ತಿದ್ದ.