ಆಯಿಯ ಕಾಲಿನ ಗಾಯ, ನಾನು ಮಾಡಿದ ಆಣೆ

ನಮ್ಮ ಅತ್ತೆಯವರ ಕಾಲಿನ ಗಾಯ ನಾಲ್ಕು ತಿಂಗಳಾದರೂ ಮುಚ್ಚಲಿಲ್ಲ. ಹೊಲಿಗೆ ಹಾಕಿದರೆ ಹೊಲಿಗೆ ನಿಲ್ಲಲಿಲ್ಲ, ಪಟ್ಟಿ ಅಂಟಿಸಿದರೆ ಪಟ್ಟಿಯ ಜೊತೆ ಚರ್ಮವೇ ಎದ್ದು ಬಂತು. ಆ ನಾಲ್ಕು ತಿಂಗಳು ನಾನು ಡಾಕ್ಟರರ ಮೇಲೆ, ಬಸ್ಸಿನ ಮೇಲೆ, ಗಂಡನ ಮೇಲೆ ಹರಿಹಾಯ್ದೆ, ಕೊನೆಗೆ ಪದ್ಮಾವತಿ ಅಮ್ಮನವರನ್ನೂ ಬಿಡಲಿಲ್ಲ. ಅಮ್ಮನವರನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಬೇಡಕಿಹಾಳದ ಸುನಂದಾ ನಿಮಗೆಲ್ಲ ಜೈ ಜಿನೇಂದ್ರ ಹೇಳಿ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದಾಳೆ. ಸಿಟ್ಟನ್ನು ಸೋಸಿ ತೆಗೆದು ಬರೆಯಲು ನನಗೆ ಬರುವುದಿಲ್ಲ.

ಅತ್ತೆಯವರನ್ನು ಊರೆಲ್ಲ ಆಯಿ ಎನ್ನುತ್ತದೆ, ನಾನೂ ಹಾಗೇ ಕರೆಯುತ್ತೇನೆ. ಎಪ್ಪತ್ತು ದಾಟಿದ ಜೀವ. ಬಹಳ ವರ್ಷದಿಂದ ಉಬ್ಬಸ. ಅದಕ್ಕೆ ನುಂಗುತ್ತ ಬಂದ ಗುಳಿಗೆಗಳಿಂದ ಅವರ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಗಿತ್ತು. (ಈರುಳ್ಳಿ ಅವರ ಒಲೆಯ ಹತ್ತಿರವೂ ಸುಳಿಯುವುದಿಲ್ಲ. ಆದರೆ ನನಗೆ ಬೇರೆ ಹೋಲಿಕೆ ಹೊಳೆಯುತ್ತಿಲ್ಲ.) ಕಳೆದ ವರ್ಷ ಕಬ್ಬಿನ ಹಂಗಾಮು ಶುರುವಾದ ವಾರ, ಅಂಗಳದಲ್ಲಿ ನಿಲ್ಲಿಸಿದ್ದ ನಮ್ಮ ಟ್ರಾಲಿಯ ಕಬ್ಬಿಣದ ಮೂಲೆ ಅವರ ಮೊಳಕಾಲಿನ ಕೆಳಗೆ ತಾಗಿತು. ನಮಗಾಗಿದ್ದರೆ ಬರೀ ಒಂದು ಗೀರು. ಅವರಿಗೆ ಗೇಣುದ್ದ ಚರ್ಮ ಸುಲಿದು ಪಕ್ಕಕ್ಕೆ ಮಡಚಿಕೊಂಡಿತು.

ನಿಪ್ಪಾಣಿಯಲ್ಲಿ ಹೊಲಿಗೆ ಹಾಕಿಸಿದೆವು. ನಾಲ್ಕನೇ ದಿನಕ್ಕೆ ದಾರ ಚರ್ಮವನ್ನೇ ಕೊಯ್ದುಕೊಂಡು ಹೊರಗೆ ಬಂತು. ಚಿಕ್ಕೋಡಿಯಲ್ಲಿ ಇನ್ನೊಮ್ಮೆ ಹಾಕಿಸಿದೆವು, ಅಲ್ಲಿಯೂ ಅದೇ ಕಥೆ. ಪಾಪ, ಡಾಕ್ಟರರದೇನೂ ತಪ್ಪಿಲ್ಲ. ಜೀರ್ಣವಾದ ಸೀರೆಗೆ ಎಂಥ ದರ್ಜಿ ಹೊಲಿಗೆ ಹಾಕಿದರೂ ಹರಿಯುವುದೇ.

ಇದರ ಮೇಲೆ ಆಯಿಯ ನೇಮ. ಒಂದು ಚಾತುರ್ಮಾಸದಲ್ಲಿ ಮುನಿಗಳ ಮುಂದೆ ಕೈಮುಗಿದು, ಜೀವ ಕೊಂದು ಮಾಡಿದ್ದು ಯಾವುದೂ ತಮ್ಮ ಮೈಯೊಳಗೆ ಹೋಗಕೂಡದು ಎಂದು ನೇಮ ತೆಗೆದುಕೊಂಡಿದ್ದರು. ಕ್ಯಾಪ್ಸೂಲಿನ ಮೇಲಿನ ಟೋಪಿ ದನದ ಎಲುಬಿನಿಂದ ಬರುತ್ತದೆಂದು ಯಾರೋ ಹೇಳಿದ್ದೇ ತಡ, ಪ್ರತಿಯೊಂದನ್ನೂ ಬಿಚ್ಚಿ, ಒಳಗಿನ ಪುಡಿಯನ್ನು ಮಾತ್ರ ಬೆಲ್ಲದ ನೀರಿನಲ್ಲಿ ಕಲಸಿ ಕುಡಿಯುವರು. ಆ ಕಹಿಗೆ ವಾಂತಿ. ಡಾಕ್ಟರರು ಬೈಯುವುದು ಮಾತ್ರ ನನ್ನನ್ನು. ಹೊಲಿಗೆ ಹಾಕುವ ಮುಂಚೆಯೂ ಸೂಜಿ ಹಿಡಿದವರ ಕೈ ತಡೆದು, "ಈ ದಾರ ಯಾತರದ್ರಿ?" ಎಂದು ಕೇಳುವರು. ಪ್ಲಾಸ್ಟಿಕ್ ಎಂದು ಎರಡು ಸಲ ಹೇಳಿಸಿಕೊಂಡ ಮೇಲೆಯೇ ಕಾಲು ಚಾಚುವರು. ನಾನು ಪಕ್ಕದಲ್ಲಿ ನಿಂತು ಹಲ್ಲು ಕಡಿಯುತ್ತಿದ್ದೆ.

ಮೂರನೆಯ ತಿಂಗಳಿಗೆ ಗಾಯದ ಬಣ್ಣ ಕೆಟ್ಟಿತು. ತೊಡೆಯ ಚರ್ಮ ತೆಗೆದು ಹಚ್ಚಬೇಕು ಎಂದರು, ಆದರೆ ತೊಡೆಯದೂ ಅಂಥದ್ದೇ ಚರ್ಮ. ಹೀಗೇ ಬಿಟ್ಟರೆ ಕೀವು ಎಲುಬಿಗೆ ಇಳಿದು ಕಾಲೇ ತೆಗೆಯುವ ಪ್ರಸಂಗ ಬರಬಹುದು ಎಂದೂ ಹೇಳಿದರು. ಆಗ ಯಾರೋ ಮಿರಜದ ಒಂದು ಆಸ್ಪತ್ರೆಗೆ ತೋರಿಸಿ ಎಂದರು. ಬೇಡಕಿಹಾಳದಿಂದ ಚಿಕ್ಕೋಡಿ, ಅಲ್ಲಿಂದ ಇನ್ನೊಂದು ಬಸ್ಸು, ಅಂಕಲಿ ದಾಟಿ, ಕಾಗವಾಡ ದಾಟಿ ಮಿರಜ. ದಾರಿಯುದ್ದಕ್ಕೂ ಕಬ್ಬಿನ ಟ್ರಾಲಿಗಳ ಸಾಲು. ಆಯಿಯ ಕಾಲನ್ನು ಎತ್ತರದಲ್ಲಿಡಬೇಕೆಂದು ಎದುರಿನ ಸೀಟಿನ ಮೇಲೆ ಇಟ್ಟಿದ್ದೆ. ಕಂಡಕ್ಟರ್ ಬಂದು, "ಕಾಲು ಕೆಳಗ ಇಳಸ್ರಿ, ಸೀಟು ಕುಂಡ್ರಾಕ ಐತಿ," ಎಂದ. "ಹಂಗಾದ್ರ ನಿಮ್ಮ ತೊಡಿ ಮ್ಯಾಲ ಇಟಗೊಳ್ರಿ," ಎಂದೆ. ಅವನು ಮುಂದಿನ ಸೀಟಿನವರ ಟಿಕೆಟ್ ಹರಿಯಲು ಹೋದ.

ಅಲ್ಲಿಯ ಡಾಕ್ಟರ್ ಮೇಡಂ ಅಥಣಿ ಕಡೆಯವರು, ನಮ್ಮದೇ ಮಾತು. ಗಾಯದ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ ಹೇಳಿದರು: "ಇದಕ್ಕ ಸೂಜಿ ದಾರ ನಡಿಯೂದಿಲ್ರಿ. ನಮ್ಮಲ್ಲಿ ಒಂದು ಹೊಸಾ ಮಶೀನು ಐತಿ. ಲೇಸರ್ ಬೆಳಕಿನ ಬಿಸಿಯಿಂದ ಗಾಯದ ಎರಡೂ ಅಂಚು ಬೆಸಗಿ ಹಾಕತೈತಿ. ಚರ್ಮಾ ಸುಡದಂಗ ಬಿಸಿ ಎಷ್ಟು ಬೇಕೋ ಅಷ್ಟ ಇಟಗೋತೈತಿ. ಆದ್ರ ಇನ್ನೂ ಪರೀಕ್ಷಾದಾಗ ಐತ್ರಿ, ಆಗೇ ಆಗತೈತಿ ಅಂತ ನಾ ಮಾತು ಕೊಡೂದಿಲ್ಲ." ದಪ್ಪನೆಯ ಒಂದು ಕಾಗದದ ಕಟ್ಟು ಕೊಟ್ಟು, "ಮನ್ಯಾಗ ಎಲ್ಲಾ ಓದಿ ಸಹಿ ಮಾಡ್ಕೊಂಡು ಬರ್ರಿ," ಎಂದರು.

ನಾನು ಓದಲಿಲ್ಲ. ಬೆಳಕು ಎಂಬ ಒಂದೇ ಮಾತು ಕಿವಿಯಲ್ಲಿ ಕೂತುಬಿಟ್ಟಿತ್ತು. ಬೆಳಕಿಗೆ ಜೀವವಿಲ್ಲ, ಎಲುಬಿಲ್ಲ, ಇನ್ನು ಆಯಿ ತಕರಾರು ಮಾಡುವ ಹಾಗಿಲ್ಲ ಎಂದು ಹಿಗ್ಗಿದೆ. ಮರುದಿನ ಶುಕ್ರವಾರ. ಬಸದಿಯಲ್ಲಿ ಪದ್ಮಾವತಿ ಅಮ್ಮನವರ ಮುಂದೆ ಆಯಿಯ ಕೈ ಹಿಡಿದು, "ಆಯಿ, ಅಮ್ಮನವರ ಆಣಿ ಮಾಡಿ ಹೇಳತೀನಿ, ಬರೇ ಬೆಳಕು. ಬ್ಯಾರೆ ಏನೂ ಹಚ್ಚೂದಿಲ್ಲ," ಎಂದೆ. ಯಾರೂ ಕೇಳದೆಯೇ ಆಣೆ ಮಾಡಿದವಳು ನಾನು. ಆಯಿ, "ಹಂಗಾದ್ರ ಆಗ್ಲಿ," ಎಂದರು.

ಕಾಗದಕ್ಕೆ ಸಹಿ ಹಾಕಿ ಆಯಿಯನ್ನು ದಾಖಲು ಮಾಡಿಸಿದೆವು. ಬೆಸುಗೆಯ ಹಿಂದಿನ ದಿನ ಮಧ್ಯಾಹ್ನ ನಮ್ಮ ಯಜಮಾನರು ಕಬ್ಬು ಕಡಿಯುವವರನ್ನು ಬಿಟ್ಟು ಬಂದರು. ಮೇಡಂ ನಮ್ಮಿಬ್ಬರನ್ನು ವಾರ್ಡಿನ ಹೊರಗೆ ಕರೆದು, ಏನಾದರೂ ಕೇಳುವುದಿದೆಯೇ ಎಂದರು. ನಮ್ಮವರಿಗೆ ಆಸ್ಪತ್ರೆಯ ವಿಷಯ ಏನೂ ತಿಳಿಯುವುದಿಲ್ಲ, ಆದರೆ ವೆಲ್ಡಿಂಗ್ ಗೊತ್ತು. ಹಂಗಾಮು ಬಂತೆಂದರೆ ಟ್ರಾಲಿಗೆ ಬೆಸುಗೆ ಹಾಕಿಸಲು ಅಂಗಡಿಯಲ್ಲಿ ಕೂತಿರುವವರು.

"ಮೇಡಂ, ಟ್ರಾಲಿ ವೆಲ್ಡಿಂಗ್ ಮಾಡೂವಾಗ ಎರಡು ಕಬ್ಬಿಣದ ಪತ್ರಾ ನಡಕ ರಾಡ್ ಕರಗಸ್ತಾರ್ರಿ. ನಿಮ್ಮದರಾಗ ರಾಡ್ ಯಾವುದ್ರಿ?" ಎಂದರು.

ಮೇಡಂ ನಕ್ಕರು. "ಬರೋಬ್ಬರಿ ಕೇಳಿದ್ರಿ. ರಾಡ್ ಬದಲಿ ಒಂದು ಲೇಪ ಐತ್ರಿ. ದನದ ರಕ್ತದಾಗಿನ ಅಲ್ಬುಮಿನ್ ಅನ್ನೂದರಿಂದ ಮಾಡಿದ್ದು. ಅದನ್ನ ಅಂಚಿಗೆ ಹಚ್ಚಿ ಬೆಳಕು ಬಿಟ್ರ ಗಟ್ಟಿ ಆಗಿ ಹಿಡಕೋತೈತಿ. ಕಾಗದದಾಗ ಎಲ್ಲಾ ಬರದೈತಲ್ರಿ."

"ಕೊಂದ ದನಾನ್ರಿ?" ಎಂದೆ.

"ಹೌದ್ರಿ. ಕಸಾಯಿಖಾನಿಂದನ ಬರತೈತಿ."

ಮೇಡಂ ಹೋದ ಮೇಲೆ ನಮ್ಮವರು ನನ್ನ ಮುಖ ನೋಡಿ, "ಅವ್ವಗ ಹೇಳಬ್ಯಾಡ. ನಾಳೆ ಹತ್ತರೊಳಗ ಎಲ್ಲಾ ಮುಗೀತೈತಿ. ಕಾಲು ಉಳೀಲಿ, ಪಾಪ ನನ್ನ ತಲಿ ಮ್ಯಾಲ ಇರಲಿ," ಎಂದರು. ಪಾಪವನ್ನು ತಲೆ ಮೇಲೆ ಹೊರಲು ಅವರು ತಯಾರು, ಆಣೆ ಮಾಡಿದ್ದು ನನ್ನ ಬಾಯಿ. ಆ ಪ್ರಶ್ನೆ ಇವರಿಗೆ ಒಂದು ವಾರ ಮೊದಲು ಹೊಳೆಯಬಾರದಿತ್ತೇ ಎಂದು ಮೈಯೆಲ್ಲ ಉರಿಯಿತು. ಓದಿ ಎಂದು ಕೊಟ್ಟ ಕಾಗದವನ್ನು ಓದದ ನನ್ನ ಮೇಲೆ ಅದಕ್ಕಿಂತ ಹೆಚ್ಚು ಉರಿಯಿತು.

ಬೆಳಿಗ್ಗೆ ಆಯಿ ಹಾಸಿಗೆಯ ಮೇಲೆ ಕೂತು, ಅಮ್ಮನವರ ಪುಟ್ಟ ಪಟವನ್ನು ದಿಂಬಿಗೆ ಒರಗಿಸಿ, ಕಣ್ಣು ಮುಚ್ಚಿ ನಮೋಕಾರ ಮಂತ್ರ ಹೇಳುತ್ತಿದ್ದರು. ನಾನು ಕಿಟಕಿಯ ಹತ್ತಿರ ನಿಂತು ಅದೇ ಪಟಕ್ಕೆ ಕೈಮುಗಿದೆ. ತೀರ್ಥಂಕರರು ಬೇಡಿದ್ದನ್ನು ಕೊಡುವವರಲ್ಲ ಎಂದು ನಮಗೆಲ್ಲ ಗೊತ್ತು. ಕಷ್ಟ ಹೇಳಿಕೊಳ್ಳಲು ನಮಗಿರುವುದು ಈ ತಾಯಿಯೇ. ತಾಯಿ, ಆಯಿಗೆ ಗೊತ್ತಾಗದ ಹಾಗೆ ನೋಡಿಕೋ, ಬೇರೇನೂ ಬೇಡ ಎಂದು ಬೇಡಿದೆ.

ಆಯಿ ಕಣ್ಣು ತೆರೆದರು. "ಸುನಂದಾ, ಬಸ್ತ್ಯಾಗ ಅಮ್ಮನವರ ಮುಂದ ಹೇಳಿದ್ದನ್ನ ಇನ್ನೊಮ್ಮೆ ಹೇಳು. ಕೇಳಿ ಒಳಗ ಹೋಗತೀನಿ."

ಬರೇ ಬೆಳಕು ಎನ್ನಬೇಕೆಂದೇ ಬಾಯಿ ತೆರೆದೆ. ನನ್ನಾಣೆಗೂ ಅದನ್ನೇ ಹೇಳಬೇಕೆಂದಿದ್ದೆ. ಬಾಯಿಂದ ಬಂದದ್ದು, "ಆಯಿ, ದನದ ರಕ್ತದ್ದೊಂದು ಲೇಪ ಹಚ್ತಾರ."

ಆಯಿ ಬೈಯಲಿಲ್ಲ, ಅಳಲಿಲ್ಲ. "ಚೀಲಾ ತುಂಬು," ಎಂದರು. ಮೇಡಂ ಓಡಿ ಬಂದು ತಿಳಿಸಿ ಹೇಳಿದರು, ನಮ್ಮವರು ತಾಯಿಯ ಕಾಲು ಹಿಡಿದರು, ಏನೂ ನಡೆಯಲಿಲ್ಲ. ಮತ್ತೆ ಅದೇ ಕಾಗವಾಡ, ಅದೇ ಅಂಕಲಿ, ಅದೇ ಟ್ರಾಲಿಗಳ ಸಾಲು. ನಮ್ಮವರು ನನ್ನಿಂದ ಎರಡು ಸೀಟು ದೂರ ಕೂತರು. ಇಳಿಯುವಾಗ ಮಾತ್ರ, "ಒಂದು ಮಾತು ನುಂಗಾಕ ಆಗಲಿಲ್ಲ ನಿನಗ," ಎಂದರು. ಆಮೇಲೆ ಎಷ್ಟೋ ದಿನ ನನ್ನ ಕೈಯ ರೊಟ್ಟಿ ತಿಂದರು, ಮಾತಾಡಲಿಲ್ಲ.

ವಾರದೊಳಗೆ ಆಯಿಗೆ ಜ್ವರ ಬಂತು. ಡ್ರೆಸ್ಸಿಂಗ್ ಮಾಡಲು ಮನೆಗೆ ಬರುತ್ತಿದ್ದ ನರ್ಸ್ ಮೂಗಿಗೆ ಸೆರಗು ಹಿಡಿಯತೊಡಗಿದಳು. ಶುಕ್ರವಾರ ಮಧ್ಯಾಹ್ನ ಬಸದಿಗೆ ಒಬ್ಬಳೇ ಹೋದೆ. ಒಳ್ಳೆಯದಾಗುವ ಸೂಚನೆಗೆ ಅಮ್ಮನವರ ಬಲಗಡೆಯ ಹೂ ಬೀಳಲಿ ಎಂದು ಕಾದೆ, ಒಂದು ಎಸಳೂ ಅಲುಗಲಿಲ್ಲ. ನನಗೆ ತಡೆಯಲಾಗಲಿಲ್ಲ. "ನಾ ಸುಳ್ಳು ಹೇಳಾಕ ತಯಾರಿದ್ದೆ. ಬಾಯಿ ಹಿಡದು ಖರೇ ನುಡಿಸಿದಾಕಿ ನೀನ. ಸುಳ್ಳು ಹೇಳಿದ್ರ ಕಾಲು ಉಳೀತಿತ್ತು. ಈಗ ಏನ್ಮಾಡ್ಲಿ ಹೇಳು?" ಎಂದು ಗಟ್ಟಿಯಾಗಿಯೇ ಜಗಳ ತೆಗೆದೆ. ಪೂಜೆಯ ತಟ್ಟೆ ಹಿಡಿದು ಬರುತ್ತಿದ್ದ ಪಂಡಿತರು ನನ್ನನ್ನು ನೋಡಿ ಹಿಂದೆ ಸರಿದರು. ದರ್ಶನವಾದ ಮೇಲೆ ಹೇಳುವ ಸ್ತುತಿಯನ್ನೂ ಹೇಳದೆ ಮನೆಗೆ ಬಂದೆ.

ಮುಂದಿನ ಮಂಗಳವಾರ ರೊಟ್ಟಿ ಬಡಿಯುತ್ತಿದ್ದಾಗ ಫೋನ್ ಬಂತು. ಮಿರಜದ ಮೇಡಂ.

"ಸುನಂದಾತಾಯಿ, ಆಯಿ ಎದ್ದು ಹೋದ ದಿನದಿಂದ ನನಗ ಅದ ತಲ್ಯಾಗ ಕುಂತೈತ್ರಿ. ಇಷ್ಟು ಮಂದಿ ಸಹಿ ಮಾಡ್ಯಾರ, ಒಬ್ಬರೂ ಇದು ಎಲ್ಲಿಂದ ಬಂತು ಅಂತ ಕೇಳಿರಲಿಲ್ಲ. ಸುಟ್ಟಗಾಯದವರಿಗೆ ನಾವು ದಿನಾ ಬಾಟ್ಲಿಲೇ ಏರಸ್ತೀವಲ್ಲ, ಅದೂ ಇದ ಅಲ್ಬುಮಿನ್ನ. ಆದ್ರ ಅದು ಮನಶ್ಯಾರು ದಾನಾ ಕೊಟ್ಟ ರಕ್ತದ್ದು. ಅದರಲೇ ಲೇಪ ಮಾಡಾಕ ಬರತೈತಿ. ನಮ್ಮ ಕಮಿಟಿಗೆ ಬರದಿದ್ದೆ, ಈಗ ಒಪ್ಪಿಗಿ ಬಂದೈತಿ."

ದನದ ರಕ್ತಕ್ಕೆ ಚೀಲ ತುಂಬಿಸಿದವರು ಮನುಷ್ಯರ ರಕ್ತಕ್ಕೆ ಒಪ್ಪುತ್ತಾರೆಯೇ? ಆದರೆ ಈ ಸಲ ಒಂದಕ್ಷರ ಮುಚ್ಚಿಡಲಿಲ್ಲ. ಎಲ್ಲ ಹೇಳಿ ಫೋನನ್ನೇ ಆಯಿಯ ಕೈಗೆ ಕೊಟ್ಟೆ.

"ಡಾಕ್ಟರ್ ಬಾಯಿ, ರಕ್ತ ಕೊಟ್ಟವರು ಬದಕ್ಯಾರೇನ್ರಿ?" ಎಂದರು ಆಯಿ.

"ಬದಕ್ಯಾರ್ರಿ ಆಯಿ. ಕೊಟ್ಟು, ಚಾ ಕುಡದು, ತಮ್ಮ ಮನಿಗೆ ಹೋಗಿರತಾರ."

"ಜುಲುಮಿ ಮಾಡಿ ತಗೊಂಡದ್ದಲ್ಲ?"

"ಅಲ್ರಿ. ಅವರಾಗಿ ಕೊಟ್ಟದ್ದು."

ಆಯಿ ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡರು. "ಮಹಾವೀರ ಜಯಂತಿಗೆ ನಮ್ಮ ಸಮಾಜದ ಮಂದಿ ಸಾಲಾಗಿ ಮಲಗಿ ರಕ್ತ ಕೊಡ್ತಾರ. ಅವರಿಗೆ ಶಿರಾ ಬಡಸೂವಾಕಿ ನಾನ. ಯಾವ ಜೀವಕ್ಕೂ ನೋವಾಗಿಲ್ಲಂದ್ರ ಅದು ದಾನ. ಕೈ ಚಾಚಿ ತಗೋತೀನ್ರಿ," ಎಂದರು.

ನಾನು ಒಲೆಯ ಮುಂದೆ ಹಾಗೆಯೇ ಕೂತುಬಿಟ್ಟೆ. ಹೆಂಚಿನ ಮೇಲಿನ ರೊಟ್ಟಿ ಸೀದು ಕರಕಲಾಯಿತು.

ಮೊದಲು ಒಳಗಿಟ್ಟು ಜ್ವರ, ಕೀವು ಇಳಿಸಿದರು. ಆಮೇಲೆ ಬೆಸುಗೆ. ಕಾಲಿಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರಿಂದ ಆಯಿ ಎಚ್ಚರವಾಗಿಯೇ ಇದ್ದರು. ಗಾಯದ ಅಂಚುಗಳನ್ನು ಮೆಲ್ಲಗೆ ಕೆರೆದು ಹಸಿ ಮಾಡಿ, ಕೂಡಿಸಿ, ಲೇಪ ಹಚ್ಚಿ, ಪೆನ್ನಿನಂಥದ್ದೊಂದನ್ನು ಅದರ ಮೇಲೆ ಮೆಲ್ಲಗೆ ಸರಿಸುತ್ತ ಹೋದರಂತೆ. ಮಶೀನು ಕುಂಯ್ ಕುಂಯ್ ಎನ್ನುತ್ತಿತ್ತಂತೆ. "ಏನೂ ಕಾಣಲಿಲ್ಲ ಬೇ, ಸುಮ್ಮನ ಮಂತ್ರಾ ಅಂದಕೋತ ಮಲಗಿದ್ದೆ," ಎಂದರು. ಐದನೇ ದಿನ ಮೇಡಂ ಪಟ್ಟಿ ಬಿಚ್ಚುವಾಗ ನಾನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ. "ಇತ್ತಾಗ ನೋಡ್ರಿ, ಹಿಡದೈತಿ," ಎಂದು ಅವರೇ ನನ್ನ ಭುಜ ತಿರುಗಿಸಿದರು. ಹಾಲಿನ ಕೆನೆಯ ಬಣ್ಣದ ಒಂದು ಗೆರೆ, ಅದರ ಎರಡೂ ಕಡೆ ಗುಲಾಬಿ ಚರ್ಮ. ಒಂದು ತುದಿಯಲ್ಲಿ ಬೆರಳುಗುರಿನಷ್ಟು ಬಿಟ್ಟಿತ್ತು, ಅದು ಮುಂದೆ ತಾನಾಗಿಯೇ ತುಂಬಿತು. ನಮ್ಮ ಯಜಮಾನರು ನನ್ನ ಜೊತೆ ಮಾತಾಡಿದ್ದು ಆವತ್ತು. "ಚಾ ಕುಡೀತಿಯೇನು?" ಎಂದರು. ಅಷ್ಟೇ, ಆದರೂ ನನಗೆ ಅಳು ಬಂತು.

ಈಗ ಆಯಿ ಬಸದಿಯ ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಹತ್ತುತ್ತಾರೆ. ಹೋದ ಶುಕ್ರವಾರ ಪೂಜೆ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದಾಗ, ಇಷ್ಟು ದಿನ ಗಂಟಲಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. "ಆಯಿ, ಆ ಮುಂಜಾನೆ ನಾ ಹೇಳದ ಇದ್ದಿದ್ರ?"

"ನನಗ ಗೊತ್ತಿತ್ತು ಬೇ," ಎಂದರು ಆಯಿ. "ಹಿಂದಿನ ದಿನಾ ಹೊರಗ ಹೋಗಿ ಬಂದಾಗಿಂದ ನೀ ನನ್ನ ಮಾರಿ ನೋಡಿರಲಿಲ್ಲ. ಏನೋ ಮುಚ್ಚಾಕತ್ತಾರ ಅಂತ ತಿಳೀತು. ಅದಕ್ಕ ಅಮ್ಮನವರ ಪಟದ ಮುಂದ ನಾ ಕಾಲು ಬೇಡಲಿಲ್ಲ. ಕಾಲು ಹೋದ್ರ ಹೋಗ್ಲಿ ತಾಯಿ, ದಿನಾ ನನಗ ನೀರು ಕೊಡೂವಾಕಿ ಈಕಿ, ಈಕಿ ನನಗ ಸುಳ್ಳು ಹೇಳದಂಗ ನೋಡ್ಕೋ, ಅಂತ ಬೇಡಿದೆ."

ಭಕ್ತರೇ, ಆ ಮುಂಜಾನೆ ಅಂಗೈಯಗಲದ ಆ ಒಂದು ಪಟದ ಮುಂದೆ ಅತ್ತೆಯದೊಂದು, ಸೊಸೆಯದೊಂದು ಬೇಡಿಕೆ ಇತ್ತು. ಒಂದನ್ನು ನಡೆಸಬೇಕಾದರೆ ಇನ್ನೊಂದನ್ನು ತಳ್ಳಲೇಬೇಕಿತ್ತು. ನನ್ನದನ್ನು ತಳ್ಳಿದ ಆ ತಾಯಿಗೆ, ಜಗಳವಾಡಿ ಸ್ತುತಿ ಹೇಳದೆ ಬಂದಿದ್ದ ಈ ಸೊಸೆ ಈಗ ದಿನಾಲೂ ಎರಡು ಸಲ ಆ ಸ್ತುತಿ ಹೇಳುತ್ತಾಳೆ.